ಮನೆಯಲ್ಲಿ ಹೇಳಿ ಮ್ಯಾಚಿಗೆ ಹೋಗುವಂತಾಗಲಿ

ನಮ್ಮೂರಿನಿಂದ ಕೆಮ್ಮಣ್ಣುಗುಂಡಿಗೆ ಹತ್ತುವ ದಾರಿಯಲ್ಲಿ ಕಲ್ಲತ್ತಿಗಿರಿ ಸಿಗುತ್ತದೆ. ಬಂಡೆಯ ಮೇಲಿಂದ ನೀರು ಇಳಿಯುವ ಜಾಗದಲ್ಲೇ ವೀರಭದ್ರಸ್ವಾಮಿಯ ಗುಡಿ. ಚಿಕ್ಕವಳಿದ್ದಾಗ ಅಲ್ಲಿನ ಜಾತ್ರೆಯಲ್ಲಿ ಬಳೆ ಅಂಗಡಿಯ ಮುಂದೆ ಎರಡು ನಿಮಿಷ ಒಬ್ಬಳೇ ನಿಂತರೆ ಸಾಕು, ಪರಿಚಯವೇ ಇಲ್ಲದ ಯಾರೋ ಅಜ್ಜಿ ಹತ್ತಿರ ಬಂದು ಕೇಳುತ್ತಿದ್ದರು: ‘ಯಾರ ಮನೆ ಮಗಳಮ್ಮ ನೀನು? ಯಾರ ಜೊತೆ ಬಂದಿದೀಯಾ?’

ಹೈಸ್ಕೂಲಿಗೆ ಬರುವ ಹೊತ್ತಿಗೆ ಆ ಪ್ರಶ್ನೆ ಕಿರಿಕಿರಿ ಅನ್ನಿಸತೊಡಗಿತ್ತು. ಎಲ್ಲಿಗೆ ಹೋದರೂ ಲೆಕ್ಕ ಕೊಡಬೇಕು. ಲಿಂಗದಹಳ್ಳಿಯಲ್ಲಿ ಬಸ್ ಇಳಿದ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿರುತ್ತಿತ್ತು. ಪದವಿ ಓದಲು ಬೆಂಗಳೂರಿಗೆ ಹೋದಾಗ ನನಗೆ ಬಹಳ ಇಷ್ಟವಾಗಿದ್ದು ಒಂದೇ ಸಂಗತಿ. ಅಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

2024ರ ಸೆಪ್ಟೆಂಬರ್ 28, ಶನಿವಾರ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಮೋಹನ್ ಬಾಗಾನ್ ತಂಡಗಳ ನಡುವೆ ಐಎಸ್‌ಎಲ್ ಪಂದ್ಯ. ಕಾಲೇಜಿನ ನಾಲ್ವರು ಗೆಳತಿಯರ ಜೊತೆ ನಾನೂ ಹೊರಟೆ. ಅಮ್ಮನಿಗೆ ಫೋನ್ ಮಾಡಿ ‘ಪ್ರಾಜೆಕ್ಟ್ ಕೆಲಸ ಇದೆ, ರಾತ್ರಿ ಫೋನ್ ತೆಗೆಯೋಕಾಗಲ್ಲ’ ಅಂದಿದ್ದೆ. ಟಿ.ವಿ.ಯಲ್ಲಿ ಮಾತ್ರ ಕಂಡಿದ್ದ ಸುನಿಲ್ ಛೆಟ್ರಿ ಕಣ್ಣೆದುರು ಓಡಾಡುತ್ತಿದ್ದರು. ನಮ್ಮವರು 3–0ಯಿಂದ ಗೆದ್ದರು. ಪಶ್ಚಿಮದ ಸ್ಟ್ಯಾಂಡಿನಲ್ಲಿ ನೀಲಿ ಅಂಗಿಯ ಅಭಿಮಾನಿಗಳು ತೊಂಬತ್ತು ನಿಮಿಷವೂ ಕೂರದೆ ಹಾಡುತ್ತಿದ್ದರು. ಹೆಸರೂ ಗೊತ್ತಿಲ್ಲದ ಹುಡುಗಿಯೊಬ್ಬಳು ಗೋಲಾದಾಗ ನನ್ನನ್ನು ತಬ್ಬಿಕೊಂಡಳು. ಅಷ್ಟು ಜೋರಾಗಿ ನಾನು ಜೀವನದಲ್ಲಿ ಕೂಗಿದ್ದು ಅದೇ ಮೊದಲು. ಮನೆಯವರು ಪಕ್ಕದಲ್ಲಿದ್ದಿದ್ದರೆ ಕೂಗುತ್ತಿರಲಿಲ್ಲ, ಅದೂ ನಿಜ.

ವಾರದೊಳಗೆ ಸಿಕ್ಕಿಬಿದ್ದೆ. ಗೆಳತಿಯ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿದ್ದ ಫೋಟೊ ಯಾರದೋ ಮೂಲಕ ಚಿಕ್ಕಪ್ಪನ ಮಗನಿಗೆ, ಅವನಿಂದ ಮನೆಗೆ ತಲುಪಿತ್ತು. ಅಪ್ಪ ಬೈಯಲಿಲ್ಲ. ‘ಹೋಗಿದ್ದಕ್ಕೆ ಬೇಜಾರಿಲ್ಲ, ಹೇಳದೆ ಹೋದೆಯಲ್ಲ ಅದಕ್ಕೆ ಬೇಜಾರು’ ಅಂದರು. ‘ಹೇಳಿದ್ದರೆ ಕಳಿಸ್ತಿದ್ರಾ?’ ಎಂದು ಕೇಳಿದೆ. ಅದಕ್ಕೆ ಅವರಲ್ಲಿ ಉತ್ತರ ಇರಲಿಲ್ಲ. ಹೇಳಿದರೆ ಕಳಿಸುವುದಿಲ್ಲ, ಹೋಗಬೇಕಾದರೆ ಹೇಳಬಾರದು. ನನ್ನ ವಯಸ್ಸಿನ ಬಹಳಷ್ಟು ಜನರ ಮನೆಯಲ್ಲಿ ಇರುವುದು ಇದೇ ಗಂಟು. ಇದು ಬರೀ ಮನೆಯೊಳಗಿನ ವಿಷಯ ಅಂದುಕೊಂಡಿದ್ದೆ. ಹಾಗಲ್ಲ ಎಂದು ಗೊತ್ತಾಗಲು ಎಂಟು ತಿಂಗಳು ಹಿಡಿಯಿತು.

ಜೂನ್ 4ರ ಮಧ್ಯಾಹ್ನ

2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ 18 ವರ್ಷಗಳಲ್ಲಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತು. ಆ ರಾತ್ರಿ ನಮ್ಮ ಪಿ.ಜಿ.ಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಮರುದಿನ ಬುಧವಾರ ವಿಧಾನಸೌಧದಲ್ಲಿ ಸನ್ಮಾನ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮಾಚರಣೆ ಎಂದು ಬೆಳಗ್ಗೆಯೇ ಮೊಬೈಲ್‌ಗಳಿಗೆ ಸುದ್ದಿ ಬಂತು. ಮೆರವಣಿಗೆ ಇದೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಪಾಸ್ ಬೇಕು ಅಂತ ಒಂದು ಮೆಸೇಜ್, ಉಚಿತ ಪ್ರವೇಶ ಅಂತ ಮತ್ತೊಂದು.

ನಾವು ಮೂವರು ಹೊರಟೆವು. ಮನೆಗೆ ಹೇಳಿರಲಿಲ್ಲ. ಮೆಟ್ರೊ ನಿಲ್ದಾಣದ ಮೆಟ್ಟಿಲ ಮೇಲೇ ಜನ ನಿಂತಿದ್ದರು. ಎರಡು ರೈಲು ಬಂದು ಹೋದರೂ ಹತ್ತಲಾಗಲಿಲ್ಲ. ನಮ್ಮಲ್ಲಿ ಅಜ್ಜಂಪುರ ಕಡೆಯ ಗೆಳತಿಯೊಬ್ಬಳಿದ್ದಳು. ಅವಳು ಇದ್ದಕ್ಕಿದ್ದಂತೆ ‘ಸಾಕು ಕಣ್ರೇ, ವಾಪಸ್ ಹೋಗೋಣ. ಟಿ.ವಿ.ಯಲ್ಲೇ ನೋಡೋಣ’ ಅಂದಳು. ನಾವಿಬ್ಬರೂ ಮುಖ ಗಂಟಿಕ್ಕಿಕೊಂಡೇ ಅವಳ ಹಿಂದೆ ಬಂದೆವು. ಸಂಜೆಯ ಹೊತ್ತಿಗೆ ಟಿ.ವಿ.ಯಲ್ಲಿ ಬರತೊಡಗಿದ ಸುದ್ದಿ ನೋಡಿ ಮೂವರೂ ಮಾತಾಡಲಿಲ್ಲ. ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. 50ಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ನಮ್ಮ ವಯಸ್ಸಿನ ಆಸುಪಾಸಿನವರು. ಹಾಸನ, ಮಂಡ್ಯ, ಕೋಲಾರ, ಯಾದಗಿರಿ ಜಿಲ್ಲೆಗಳಿಂದ ಓದಿಗೆ, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಿದ್ದ ಮನೆಗಳ ಮಕ್ಕಳೂ ಅದರಲ್ಲಿದ್ದರು.

ನಮ್ಮ ಮನೆಯ ಹತ್ತಿರ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅಮ್ಮ ಮಳೆಯಲ್ಲಿ ರಸ್ತೆಯ ತಿರುವಿನವರೆಗೆ ನಡೆದು ಬಂದು ಫೋನ್ ಮಾಡಿದ್ದರು. ನಾನು ‘ರೂಮಲ್ಲಿದೀನಿ ಅಮ್ಮ’ ಅಂದೆ. ಅಮ್ಮ ‘ನಿಜ ಹೇಳು ಪುಟ್ಟಿ’ ಅಂದರು. ನಿಜವನ್ನೇ ಹೇಳುತ್ತಿದ್ದೆ, ಅವರಿಗೆ ನಂಬಿಕೆ ಬರಲಿಲ್ಲ. ಸೆಪ್ಟೆಂಬರಿನ ಸುಳ್ಳು ಜೂನ್‌ನಲ್ಲಿ ನನ್ನ ನಿಜವನ್ನು ತಿಂದುಹಾಕಿತ್ತು. ಕೊನೆಗೆ ಹಾಸ್ಟೆಲಿನ ತರಹದ ಆ ಕೋಣೆ, ಮಂಚ, ಪಕ್ಕದಲ್ಲಿ ಕೂತ ಗೆಳತಿಯರು ಎಲ್ಲವನ್ನೂ ಫೋಟೊ ತೆಗೆದು ಕಳಿಸಿದೆ. ಅದು ಅವರಿಗೆ ಡೌನ್‌ಲೋಡ್ ಆಗಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ಅಮ್ಮ ತಿರುವಿನಲ್ಲೇ ನಿಂತಿದ್ದರಂತೆ.

ಮನೆಯವರು ಮಾಡುವ ನಾಲ್ಕು ಕೆಲಸ

ಆಮೇಲೆ ಈ ಬಗ್ಗೆ ಬಂದ ಮಾತುಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು. ‘ಈ ಕಾಲದ ಹುಡುಗರಿಗೆ ಬುದ್ಧಿ ಇಲ್ಲ’, ‘ಅಪ್ಪ ಅಮ್ಮನಿಗೆ ಹೇಳದೆ ಹೋಗ್ತಾರೆ’, ‘ಅಲ್ಲಿಗೆ ಯಾಕೆ ಹೋಗಬೇಕಿತ್ತು?’ ಇದನ್ನು ಸ್ವಲ್ಪ ತಾಳ್ಮೆಯಿಂದ ಬಿಡಿಸಿ ನೋಡೋಣ.

ಜನಜಂಗುಳಿಯಲ್ಲಿ ಮನೆಯವರು ನಿಜವಾಗಿ ಮಾಡುವ ಕೆಲಸ ಏನು? ನಮ್ಮ ಜಾತ್ರೆಯನ್ನೇ ನೆನಪಿಸಿಕೊಂಡರೆ ನಾಲ್ಕು ಕೆಲಸ ಕಾಣುತ್ತವೆ. ಒಂದು, ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು. ತೇರು ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಹೋದರೆ ಒಳ್ಳೆಯದು, ಕೊನೆಯ ಬಸ್ ಯಾವಾಗ. ಎರಡು, ‘ಕೈ ತಪ್ಪಿದರೆ ಅರಳಿಕಟ್ಟೆ ಹತ್ತಿರ ಬಂದು ನಿಲ್ಲು’ ಅಂತ ಸೇರುವ ಜಾಗ ಗೊತ್ತು ಮಾಡುವುದು. ಮೂರು, ಆಗಾಗ ತಲೆ ಎಣಿಸುವುದು. ನಾಲ್ಕು, ಎಲ್ಲರಿಗಿಂತ ಮೊದಲು ‘ಸಾಕು, ಹೊರಡೋಣ’ ಎನ್ನುವುದು. ಕೊನೆಯದು ಮಕ್ಕಳಿಗೆ ಬಹಳ ಬೇಸರದ ಕೆಲಸ. ಜೀವ ಉಳಿಸುವುದೂ ಬಹುತೇಕ ಅದೇ. ಮೆಟ್ರೊ ನಿಲ್ದಾಣದಲ್ಲಿ ನಮ್ಮ ಗೆಳತಿ ಮಾಡಿದ್ದು ಆ ನಾಲ್ಕನೆಯ ಕೆಲಸವನ್ನು.

ಯುವಕರು ಮನೆಯವರಿಲ್ಲದೆ ಮ್ಯಾಚಿಗೆ ಹೋದಾಗ ಈ ನಾಲ್ಕು ಕೆಲಸ ಇಲ್ಲವಾಗುವುದಿಲ್ಲ. ಅವನ್ನು ಬೇರೆ ಯಾರಾದರೂ ಮಾಡಬೇಕಾಗುತ್ತದೆ ಅಷ್ಟೇ. ಸ್ವಲ್ಪ ಭಾಗ ಗೆಳೆಯರು ಮಾಡಬಹುದು. ದೊಡ್ಡ ಭಾಗವನ್ನು ಕಾರ್ಯಕ್ರಮಕ್ಕೆ ಕರೆದವರೇ ಮಾಡಬೇಕು. ಟಿಕೆಟ್ ಇದ್ದ ಕಂಠೀರವದ ಪಂದ್ಯದಲ್ಲಿ ಅದು ನಡೆದಿತ್ತು, ನಾವು ಗಮನಿಸಿರಲಿಲ್ಲ ಅಷ್ಟೇ. ಯಾವ ಗೇಟು, ಯಾವ ಸ್ಟ್ಯಾಂಡ್ ಎಂದು ಟಿಕೆಟ್‌ನಲ್ಲೇ ಇತ್ತು. ಎಷ್ಟು ಜನ ಬರುತ್ತಾರೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಪಂದ್ಯ ಮುಗಿದ ಮೇಲೆ ಎಲ್ಲ ಬಾಗಿಲುಗಳೂ ತೆರೆದಿದ್ದವು. ಐಪಿಎಲ್ ಪಂದ್ಯಗಳ ದಿನ ನಮ್ಮ ಮೆಟ್ರೊ ಕೊನೆಯ ರೈಲಿನ ಸಮಯ ಮುಂದೂಡಿ, ವಾಪಸ್ ಬರಲು ಮುಂಗಡ ಟಿಕೆಟ್ ಮಾರುತ್ತಿತ್ತು. ‘ಕೊನೆಯ ಬಸ್ ಎಷ್ಟಕ್ಕೆ?’ ಎಂದು ಅಪ್ಪ ವಿಚಾರಿಸುತ್ತಿದ್ದರಲ್ಲ, ಅದೇ ಕೆಲಸ ಇದು.

ಜೂನ್ 4ರಂದು ಏನಾಯಿತು? ಕ್ರೀಡಾಂಗಣದೊಳಗೆ ಹಿಡಿಯುವುದು ಸುಮಾರು 35 ಸಾವಿರ ಜನ. ಬಂದವರು ಎರಡರಿಂದ ಮೂರು ಲಕ್ಷ ಎಂದು ಮುಖ್ಯಮಂತ್ರಿಯೇ ಅಂದು ಹೇಳಿದರು. ಫೈನಲ್ ಮುಗಿದು 24 ಗಂಟೆಯೂ ಆಗಿರಲಿಲ್ಲ. ಯಾರು ಬರಬಹುದು, ಯಾರು ಬರಬಾರದು ಎಂಬುದು ಗೇಟಿನ ಹತ್ತಿರ ನಿಂತವರಿಗೂ ಸ್ಪಷ್ಟವಿರಲಿಲ್ಲ. ಆ ದಿನ ಮೆಟ್ರೊದಲ್ಲಿ 9 ಲಕ್ಷಕ್ಕೂ ಹೆಚ್ಚು ಮಂದಿ ಓಡಾಡಿದರು. ಅಂದರೆ ಜನ ಬರುತ್ತಿರುವುದು ಮಧ್ಯಾಹ್ನದಿಂದಲೇ ಕಣ್ಣಿಗೆ ಕಾಣುತ್ತಿತ್ತು. ‘ಸಾಕು, ಇನ್ನು ಯಾರೂ ಬರಬೇಡಿ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದವರು ಮಾತ್ರ ಯಾರೂ ಇರಲಿಲ್ಲ. ಹೊರಗೆ ಸಾವು ಸಂಭವಿಸಿದ ಮೇಲೂ ಒಳಗೆ ಸ್ವಲ್ಪ ಹೊತ್ತು ಸಂಭ್ರಮ ನಡೆದೇ ಇತ್ತು. ತಲೆ ಎಣಿಸುವ ಕೆಲಸವೂ ಅಲ್ಲಿ ನಡೆಯಲಿಲ್ಲ. ಎಷ್ಟೋ ಮನೆಯವರಿಗೆ ಸುದ್ದಿ ಮುಟ್ಟಿದ್ದು ಟಿ.ವಿ.ಯಿಂದ. ಅವರು ಆಸ್ಪತ್ರೆಗಳ ಬಾಗಿಲಿಗೆ ಓಡಿದರು.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಅಂದು ತೀರಿಕೊಂಡವರಲ್ಲಿ ಮನೆಯವರ ಜೊತೆಗೇ ಬಂದಿದ್ದವರೂ ಇದ್ದರು. ಹೆತ್ತವರ ಕೈ ಹಿಡಿದಿದ್ದರೂ ಆ ಒತ್ತಡದಲ್ಲಿ ಉಳಿಸಿಕೊಳ್ಳಲು ಆಗಲಿಲ್ಲ. ಹಾಗಾಗಿ ‘ಒಬ್ಬರೇ ಹೋದರು, ಅದಕ್ಕೇ ಹೀಗಾಯಿತು’ ಎಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಕರೆದವರು ಮಾಡಬೇಕಾದ ಕೆಲಸವನ್ನು ಮನೆಯವರ ಕೈ ಪೂರ್ತಿಯಾಗಿ ಮಾಡಲಾರದು.

‘ಕಾಲ್ತುಳಿತ’ ಎಂಬ ಪದ

ಇಂಥ ಘಟನೆಗೆ ನಾವು ‘ಕಾಲ್ತುಳಿತ’ ಎನ್ನುತ್ತೇವೆ. ಆ ಪದ ಕೇಳಿದರೆ ಯಾರೋ ಹುಚ್ಚೆದ್ದು ಓಡಿ ಇನ್ನೊಬ್ಬರನ್ನು ತುಳಿದರು ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ತಪ್ಪು ಜನರ ಕಾಲಿಗೆ ಅಂಟಿಕೊಳ್ಳುತ್ತದೆ. ಜನಸಂದಣಿಯ ಬಗ್ಗೆ ಅಧ್ಯಯನ ಮಾಡಿದವರು ಹೇಳುವುದು ಬೇರೆ. ಒಂದು ಚದರ ಮೀಟರ್ ಜಾಗದಲ್ಲಿ ಐದಾರು ಜನಕ್ಕಿಂತ ಹೆಚ್ಚು ಸೇರಿದರೆ, ಯಾರಿಗೂ ತಮ್ಮ ಕಾಲಿನ ಮೇಲೆ ಹತೋಟಿ ಇರುವುದಿಲ್ಲ. ಇಡೀ ಗುಂಪು ನೀರಿನ ಹಾಗೆ ಅಲೆಯಲೆಯಾಗಿ ತೂಗುತ್ತದೆ. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಅವರು ಒಂದು ಹೆಜ್ಜೆ ಮುಂದಿಡುತ್ತಾರೆ ಅಷ್ಟೇ. ಆ ಒಂದೊಂದು ಹೆಜ್ಜೆಯ ಭಾರವೆಲ್ಲ ಸೇರಿ ಗೇಟಿನ ಹತ್ತಿರ ಇರುವವರ ಎದೆಯ ಮೇಲೆ ಬೀಳುತ್ತದೆ. ಹೆಚ್ಚಿನ ಸಾವು ಆಗುವುದು ತುಳಿತದಿಂದಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರುಗಟ್ಟಿ. ನಿಂತಲ್ಲೇ ಸಾಯುವವರೂ ಇದ್ದಾರೆ.

ಇದು ತಿಳಿದರೆ ಪ್ರಶ್ನೆಯೇ ಬದಲಾಗುತ್ತದೆ. ‘ಹುಡುಗರು ಯಾಕೆ ನುಗ್ಗಿದರು?’ ಎನ್ನುವ ಜಾಗದಲ್ಲಿ ‘ಅಷ್ಟು ಜನ ಅಷ್ಟು ಚಿಕ್ಕ ಜಾಗಕ್ಕೆ ಬರುವವರೆಗೆ ಯಾರು ಸುಮ್ಮನಿದ್ದರು?’ ಎಂದು ಕೇಳಬೇಕಾಗುತ್ತದೆ. ಸಂಘಟಕರು, ಪೊಲೀಸರು, ಸರ್ಕಾರ ಇವರಲ್ಲಿ ಯಾರ ಪಾಲು ಎಷ್ಟು ಎಂಬುದು ತನಿಖೆ ಮತ್ತು ನ್ಯಾಯಾಲಯಗಳ ಕೆಲಸ. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಅವರ ಆಯೋಗವಂತೂ, ಚಿನ್ನಸ್ವಾಮಿ ಕ್ರೀಡಾಂಗಣದ ರಚನೆ ಇಷ್ಟು ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲ ಎಂದು ವರದಿ ಕೊಟ್ಟಿತು.

ಬೇರೆ ಊರುಗಳು ಕಲಿತ ಪಾಠ

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ನಮ್ಮ ಐಪಿಎಲ್‌ನಷ್ಟೇ ದೊಡ್ಡ ಹಬ್ಬ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ಸ್ಟ್ಯಾಂಡ್ ಇರುತ್ತದೆ. 1993ರ ಅಕ್ಟೋಬರ್ 30ರಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ ಮಿಷಿಗನ್ ತಂಡವನ್ನು ಸೋಲಿಸಿದಾಗ ವಿದ್ಯಾರ್ಥಿಗಳು ಖುಷಿಯಿಂದ ಮೈದಾನಕ್ಕೆ ಇಳಿಯಲು ಹೋದರು. ಮುಂದಿನ ಸಾಲಿನವರು ಕಟಾಂಜನಕ್ಕೆ ಒತ್ತಿಕೊಂಡು ಸಿಕ್ಕಿಹಾಕಿಕೊಂಡರು. 70ಕ್ಕೂ ಹೆಚ್ಚು ಜನಕ್ಕೆ ಗಾಯವಾಯಿತು. ಆಗಷ್ಟೇ ಆಡಿ ಗೆದ್ದಿದ್ದ ಆಟಗಾರರೇ ಓಡಿಬಂದು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಎಳೆದು ಹೊರಗೆ ತಂದರು. ಯಾರೂ ಸಾಯಲಿಲ್ಲ.

ಇಂಗ್ಲೆಂಡಿನ ಹಿಲ್ಸ್‌ಬರೊದಲ್ಲಿ ಆ ಅದೃಷ್ಟ ಇರಲಿಲ್ಲ. 1989ರ ಏಪ್ರಿಲ್ 15ರ ಆ ಫುಟ್‌ಬಾಲ್ ಪಂದ್ಯದ ನೂಕುನುಗ್ಗಲಿನಿಂದ ತೀರಿಕೊಂಡವರು ಒಟ್ಟು 97 ಜನ. ಅತಿ ಚಿಕ್ಕವನಿಗೆ 10 ವರ್ಷ. ಅಂದು ಕೂಡ ಮೊದಲು ಬೈಗುಳ ಬಿದ್ದಿದ್ದು ಅಭಿಮಾನಿಗಳ ಮೇಲೆಯೇ. ಸತ್ತವರ ಅಪ್ಪ ಅಮ್ಮಂದಿರು ಬಿಡದೆ ಹೋರಾಡಿದರು. 27 ವರ್ಷಗಳ ನಂತರ, 2016ರಲ್ಲಿ, ಅಭಿಮಾನಿಗಳ ತಪ್ಪಿಲ್ಲ ಎಂಬ ತೀರ್ಮಾನ ಬಂತು. ಆ ದುರಂತದ ಬಳಿಕ ಅಲ್ಲಿನ ದೊಡ್ಡ ಲೀಗ್‌ಗಳ ಕ್ರೀಡಾಂಗಣಗಳಲ್ಲಿ ಪ್ರತಿಯೊಬ್ಬರಿಗೂ ಆಸನ ಇರಲೇಬೇಕೆಂದು ನಿಯಮ ಮಾಡಿದರು. ಮ್ಯಾಚಿಗೆ ಹೋಗಬೇಡಿ ಎಂದು ಹೇಳಲಿಲ್ಲ. ಹೋಗುವ ಜಾಗವನ್ನು ಸರಿ ಮಾಡಿದರು.

ನಮ್ಮ ದೇಶದಲ್ಲೂ ಹಳೆಯ ಗಾಯ ಇದೆ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ 16 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಅಲ್ಲಿ ಈಗಲೂ ಆ ದಿನವನ್ನು ಫುಟ್‌ಬಾಲ್ ಪ್ರೇಮಿಗಳ ದಿನವಾಗಿ ಆಚರಿಸಿ ರಕ್ತದಾನ ಮಾಡುತ್ತಾರೆ. 2023ರ ನವೆಂಬರ್ 25ರಂದು ಕೇರಳದ ಕೊಚ್ಚಿನ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನೊಳಗೇ, ಕಾಲೇಜು ಹಬ್ಬದ ಸಂಗೀತ ಕಾರ್ಯಕ್ರಮದ ಹೊತ್ತಿಗೆ ನಾಲ್ವರು ತೀರಿಕೊಂಡರು. ಕ್ಯಾಂಪಸ್ ಎಂದರೆ ಸುರಕ್ಷಿತ, ಹೊರಗೆ ಎಂದರೆ ಅಪಾಯ ಎಂಬ ನಮ್ಮ ಮನೆಗಳ ಲೆಕ್ಕವೂ ಸರಿಯಿಲ್ಲ ಎಂದಾಯಿತು.

‘ಬೇಡ’ ಎಂಬ ಸುಲಭದ ಉತ್ತರ

ಜೂನ್ 4ರ ಬಳಿಕ ಸಿಕ್ಕ ಉತ್ತರ ಬಹುತೇಕ ಕಡೆ ಒಂದೇ. ಅದು ‘ಬೇಡ’. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ಮಹಿಳೆಯರ ಏಕದಿನ ವಿಶ್ವಕಪ್‌ನ ಬೆಂಗಳೂರಿನ ಪಂದ್ಯಗಳನ್ನು ಬೇರೆ ಊರುಗಳಿಗೆ ವರ್ಗಾಯಿಸಿದರು. ಸಿದ್ಧತೆ ಇಲ್ಲದ ಜಾಗದಲ್ಲಿ ಪಂದ್ಯ ನಡೆಸದಿರುವುದು ಆ ಹೊತ್ತಿಗೆ ಸರಿಯೇ ಇರಬಹುದು. ಆದರೆ 2025ರ ನವೆಂಬರ್ 2ರಂದು ಹರ್ಮನ್‌ಪ್ರೀತ್ ಕೌರ್ ಪಡೆ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಮೊದಲ ಸಲ ವಿಶ್ವಕಪ್ ಎತ್ತಿದಾಗ ನನಗೆ ಖುಷಿಯ ಜೊತೆ ಹೊಟ್ಟೆಯೊಳಗೆ ಸಂಕಟವೂ ಆಯಿತು. ಆ ಟೂರ್ನಿಯ ಪಂದ್ಯವೊಂದನ್ನು ನಮ್ಮ ರಾಜ್ಯದ ಹುಡುಗಿಯರು ನಮ್ಮ ಊರಲ್ಲೇ ಕೂತು ನೋಡಬಹುದಿತ್ತು.

ನಮ್ಮ ಜಿಲ್ಲೆಯವರಿಗೆ ಇದು ಇನ್ನೂ ಸ್ವಲ್ಪ ಹತ್ತಿರದ ವಿಷಯ. 2017ರ ವಿಶ್ವಕಪ್ ಫೈನಲ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಭಾರತದ ಪರ ಆಡಿದ ವೇದಾ ಕೃಷ್ಣಮೂರ್ತಿ ನಮ್ಮ ಪಕ್ಕದ ಕಡೂರಿನವರು. ಆ ದಿನ ಅವರು 35 ರನ್ ಹೊಡೆದಿದ್ದರು. ನಾವು 9 ರನ್‌ಗಳಿಂದ ಸೋತಿದ್ದೆವು. ಕಡೂರಿನಿಂದ ಹುಡುಗಿಯೊಬ್ಬಳು ಬೆಂಗಳೂರಿಗೆ ಹೋಗಿ ಕ್ರಿಕೆಟ್ ಕಲಿತು ಲಾರ್ಡ್ಸ್ ಮುಟ್ಟಬಹುದಾದರೆ, ತರೀಕೆರೆಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಒಂದು ಮ್ಯಾಚ್ ನೋಡಿ ಕ್ಷೇಮವಾಗಿ ರೂಮಿಗೆ ಬರುವುದು ಅಷ್ಟು ದೊಡ್ಡ ಆಸೆಯೇ?

ಮನೆಗಳಲ್ಲೂ ‘ಬೇಡ’ ಎಂಬುದೇ ಉತ್ತರವಾಯಿತು. ಆದರೆ ಎಲ್ಲರಿಗೂ ಒಂದೇ ತೂಕದ ‘ಬೇಡ’ ಅಲ್ಲ. ನನ್ನ ಚಿಕ್ಕಪ್ಪನ ಮಗನಿಗೆ ‘ಹುಷಾರಾಗಿ ಹೋಗಿ ಬಾ’ ಎಂದು ಹೇಳಿದ ಬಾಯಿಯೇ ನನಗೆ ‘ಮ್ಯಾಚೂ ಬೇಡ, ಏನೂ ಬೇಡ’ ಅಂದಿತು. ಗುಂಪಿನ ಒತ್ತಡಕ್ಕೆ ಹುಡುಗ ಹುಡುಗಿ ಎಂಬ ಭೇದವಿಲ್ಲ, ಅದಕ್ಕೆ ಮನೆ ಕೊಡುವ ಉತ್ತರಕ್ಕೆ ಮಾತ್ರ ಇದೆ. ವ್ಯವಸ್ಥೆ ಸೋತಾಗಲೆಲ್ಲ ಅದರ ದಂಡವನ್ನು ಮೊದಲು ಕಟ್ಟುವವರು ಹುಡುಗಿಯರು.

ಇಲ್ಲಿ ನನ್ನ ವಾದ ಸರಳ. ‘ಬೇಡ’ ಎಂದರೆ ಹೋಗುವವರು ನಿಲ್ಲುವುದಿಲ್ಲ. ಹೇಳದೆ ಹೋಗುತ್ತಾರೆ. ಹೇಳದೆ ಹೋದವರು ಎಲ್ಲಿದ್ದಾರೆ, ಯಾರ ಜೊತೆ ಇದ್ದಾರೆ, ಯಾವ ಗೇಟಿನಲ್ಲಿದ್ದಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಒಬ್ಬರೇ ಹೋಗುವುದು ಅಪಾಯವಲ್ಲ. ಯಾರಿಗೂ ಗೊತ್ತಿಲ್ಲದಂತೆ ಹೋಗುವುದು ಅಪಾಯ. ಮನೆಯ ‘ಬೇಡ’ ಆ ಅಪಾಯವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚು ಮಾಡುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು ಸರ್ಕಾರ ಮತ್ತು ಸಂಘಟಕರ ಪಾಲು. 2025ರ ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣ ಮಸೂದೆ ವಿಧಾನಸಭೆಯಲ್ಲಿ ಮಂಡನೆಯಾಯಿತು. ದೊಡ್ಡ ಕಾರ್ಯಕ್ರಮಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಅನಾಹುತವಾದರೆ ಸಂಘಟಕರಿಗೆ ಶಿಕ್ಷೆ ಎಂಬುದು ಅದರ ತಿರುಳು. ಶಿಕ್ಷೆ ಬೇಕು. ಆದರೆ ಅದು ಅನಾಹುತ ಆದ ಮೇಲಿನ ಮಾತು. ಮೊದಲೇ ಆಗಬೇಕಾದ್ದು ಜಾತ್ರೆಯಲ್ಲಿ ಮನೆಯವರು ಮಾಡುವ ಆ ನಾಲ್ಕು ಕೆಲಸ. ಪಾಸ್ ಬೇಕೋ ಬೇಡವೋ ಎಂದು ಒಂದೇ ಬಾಯಿಂದ, ಹಿಂದಿನ ದಿನವೇ, ಕನ್ನಡದಲ್ಲಿ ಹೇಳಬೇಕು. ಗೇಟಿಗಿಂತ ಬಹಳ ಹಿಂದೆಯೇ ಜನರನ್ನು ಎಣಿಸಿ ತಡೆಯಬೇಕು. ಜಾಗ ತುಂಬಿದೆ ಎಂದು ಮೆಟ್ರೊ ನಿಲ್ದಾಣದಲ್ಲೇ ಧ್ವನಿವರ್ಧಕದಲ್ಲಿ ಕೂಗಿ ಹೇಳಬೇಕು. ಲಕ್ಷ ಜನ ಸೇರಿದ ಕಡೆ ಮೊಬೈಲ್ ಕೆಲಸ ಮಾಡುವುದಿಲ್ಲ. ಕೆಮ್ಮಣ್ಣುಗುಂಡಿಯ ಕಾಡಿನಲ್ಲಿ ಜನ ಇಲ್ಲದ್ದಕ್ಕೆ ಸಿಗ್ನಲ್ ಇಲ್ಲ, ಕ್ರೀಡಾಂಗಣದ ಮುಂದೆ ಜನ ಹೆಚ್ಚಾಗಿದ್ದಕ್ಕೆ ಇಲ್ಲ. ಕೈ ತಪ್ಪಿದವರು ಬಂದು ನಿಲ್ಲಲು ಒಂದು ಗುರುತಿನ ಜಾಗ, ಮೈಕ್ ಹಿಡಿದ ಒಬ್ಬ ವ್ಯಕ್ತಿ ಬೇಕು. ಚಿಕ್ಕ ಜಾತ್ರೆಯ ಸಮಿತಿಯವರು ಮಾಡುವ ಈ ಕೆಲಸ ಕೋಟಿಗಟ್ಟಲೆ ವಹಿವಾಟಿನ ಕ್ರೀಡೆಗೆ ಕಷ್ಟವಾಗಬಾರದು.

ಎರಡನೆಯದು, ದೊಡ್ಡ ಆಟ ಎಂದರೆ ಬೆಂಗಳೂರು ಮಾತ್ರ ಎಂಬ ಸ್ಥಿತಿ ಬದಲಾಗಬೇಕು. ತರೀಕೆರೆಯಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಶಿವಮೊಗ್ಗದ ನವುಲೆ ಮೈದಾನದಲ್ಲಿ ರಣಜಿ ಪಂದ್ಯಗಳು ನಡೆದಿವೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ನಮ್ಮ ಕಾಲೇಜಿನಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತೇ ಇಲ್ಲ. ರಾಜ್ಯ ತಂಡಗಳು, ವಿಶ್ವವಿದ್ಯಾಲಯ ತಂಡಗಳು ಜಿಲ್ಲೆಗಳಲ್ಲಿ ಹೆಚ್ಚು ಆಡಿದರೆ, ಸಾವಿರ ಜನರ ಗುಂಪಿನಲ್ಲಿ ಹೇಗಿರಬೇಕು ಎಂದು ಕಲಿತವರು ಆಮೇಲೆ ಮೂವತ್ತು ಸಾವಿರದ ಗುಂಪಿಗೆ ಹೋಗಬಹುದು. ಈಗ ನಾವು ಊರಿನ ಜಾತ್ರೆಯಿಂದ ನೇರ ಚಿನ್ನಸ್ವಾಮಿಗೆ ಹಾರುತ್ತಿದ್ದೇವೆ.

ಮೂರನೆಯದು ನಮ್ಮ ಪಾಲು. ಇದನ್ನು ನನಗೂ ಸೇರಿಸಿಯೇ ಹೇಳಿಕೊಳ್ಳುತ್ತಿದ್ದೇನೆ. ಹೋಗುವ ಗುಂಪಿನಲ್ಲಿ ‘ಸಾಕು’ ಎನ್ನುವವರು ಒಬ್ಬರು ಇರಲಿ. ಅವರು ಹಾಗಂದಾಗ ವಾದ ಮಾಡದೆ ಹೊರಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಸೇರುವ ಜಾಗ ಗೊತ್ತು ಮಾಡಿಕೊಳ್ಳಿ. ಮನೆಯ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ, ಮೊಬೈಲ್ ಚಾರ್ಜ್ ಮುಗಿದರೂ ಚೀಟಿ ಇರುತ್ತದೆ. ಅಕ್ಕಪಕ್ಕದವರ ಭುಜ ಎರಡೂ ಕಡೆ ಒತ್ತತೊಡಗಿದರೆ ಅದೇ ಎಚ್ಚರಿಕೆಯ ಗಂಟೆ. ಆಗಲೇ ಹೊರಗೆ ಬನ್ನಿ. ಬರಲಾಗದಿದ್ದರೆ ಎರಡೂ ಕೈ ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ. ತಳ್ಳಾಟಕ್ಕೆ ಎದುರು ತಳ್ಳಬೇಡಿ. ಅಲೆ ನಿಂತಾಗ ಓರೆಯಾಗಿ ಅಂಚಿನ ಕಡೆಗೆ ಸರಿಯಿರಿ. ಕೆಳಗೆ ಬಿದ್ದ ಮೊಬೈಲ್, ಚಪ್ಪಲಿಗಾಗಿ ಬಗ್ಗಬೇಡಿ. ಪಕ್ಕದಲ್ಲಿ ಯಾರಾದರೂ ಬಿದ್ದರೆ ತಕ್ಷಣ ಎತ್ತಿ.

ನಾಲ್ಕನೆಯದು ಮನೆಯವರ ಪಾಲು. ಅಪ್ಪ ಅಮ್ಮಂದಿರೇ, ನಿಮ್ಮ ಭಯ ಸುಳ್ಳಲ್ಲ. ಜೂನ್ 4ರ ಬಳಿಕ ಅದು ಸುಳ್ಳು ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ‘ಹೋಗಬೇಡ’ ಎನ್ನುವ ಬದಲು ‘ಎಲ್ಲಿ, ಯಾವ ಗೇಟು, ಯಾರ ಜೊತೆ, ವಾಪಸ್ ಎಷ್ಟೊತ್ತಿಗೆ?’ ಎಂದು ಕೇಳಿ. ಈ ನಾಲ್ಕು ಪ್ರಶ್ನೆಗೆ ಉತ್ತರ ಇಲ್ಲದ ಮ್ಯಾಚಿಗೆ ನಾವೇ ಹೋಗಬಾರದು ಎಂದು ನಮಗೇ ಗೊತ್ತಾಗುತ್ತದೆ. ಜೂನ್ 4ರಂದು ನನ್ನನ್ನು ಯಾರಾದರೂ ಹೀಗೆ ಕೇಳಿದ್ದರೆ ನನ್ನ ಬಳಿ ಒಂದಕ್ಕೂ ಉತ್ತರ ಇರಲಿಲ್ಲ.

ಜಾತ್ರೆಯ ಅಜ್ಜಿಯ ಪ್ರಶ್ನೆ ಈಗ ನನಗೆ ಕಿರಿಕಿರಿ ಅನ್ನಿಸುವುದಿಲ್ಲ. ‘ಯಾರ ಜೊತೆ ಬಂದಿದೀಯಾ?’ ಎಂದು ಕೇಳುವವರು ಒಬ್ಬರೂ ಇಲ್ಲದ ಕಡೆಗೆ ಲಕ್ಷಾಂತರ ಮಕ್ಕಳನ್ನು ಕರೆಯಬಾರದು ಎಂಬುದಷ್ಟೇ ನನ್ನ ಮಾತು.

ಈ ಬರಹವನ್ನು ಪತ್ರಿಕೆಗೆ ಕಳಿಸುವ ಮೊದಲು ರಜೆಗೆ ಊರಿಗೆ ಹೋದಾಗ ಅಮ್ಮನಿಗೆ ಓದಿ ಹೇಳಿದೆ. ಜೂನ್ 4ರಂದು ಮೆಟ್ರೊ ನಿಲ್ದಾಣದವರೆಗೆ ಹೋಗಿದ್ದೆ ಎಂಬುದು ಅವರಿಗೆ ಆಗಲೇ ಗೊತ್ತಾಗಿದ್ದು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಲೆಯ ಮೇಲಿದ್ದ ಸಾರು ಇಳಿಸಿ, ‘ಆ ಅಜ್ಜಂಪುರದ ಹುಡುಗೀನ ಒಂದ್ಸಲ ಮನೆಗೆ ಕರ್ಕೊಂಡು ಬಾ’ ಅಂದರು. ಆಮೇಲೆ ತಟ್ಟೆ ಇಡುತ್ತಾ, ‘ಮುಂದಿನ ಸಲ ಹೋಗೋದಾದ್ರೆ ಯಾವ ಗೇಟು ಅಂತ ಹೇಳಿ ಹೋಗು’ ಅಂದರು.

ಮುಂದಿನ ಸಲ ಹೇಳಿಯೇ ಹೋಗುತ್ತೇನೆ.